ಸಣ್ಣ ವಿಹಾರ ದೋಣಿಗೆ ನಂಬಿಕೆಯ ಲಂಗರು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು 14ರಿಂದ 22 ಅಡಿ ಉದ್ದದ, ಔಟ್‌ಬೋರ್ಡ್ ಎಂಜಿನ್ ಇರುವ ಫೈಬರ್ ದೋಣಿಗಳಿಗೆ ಸಂಬಂಧಿಸಿದವು. ಗಾಳ ಹಾಕಲು, ಅಳಿವೆಯಲ್ಲಿ ಸುತ್ತಾಡಲು, ಗಾಳಿ ಶಾಂತವಾಗಿರುವ ದಿನ ದಡದ ಹತ್ತಿರದ ಸಮುದ್ರಕ್ಕೆ ಹೋಗಿಬರಲು ಬಳಸುವ ದೋಣಿಗಳವು. ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯನ್ನೂ ಮಲೆನಾಡಿನ ಅಣೆಕಟ್ಟುಗಳ ಹಿನ್ನೀರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಮಳೆಗಾಲದ ಕಡಲಿಗೆ ಇವು ಯಾವುವೂ ಅನ್ವಯಿಸುವುದಿಲ್ಲ; ಆಗ ವಿಹಾರದ ದೋಣಿ ದಡದ ಮೇಲೇ ಇರಬೇಕು.

ಲಂಗರು ಭಾರ ಇದ್ದಷ್ಟೂ ಗಟ್ಟಿಯಾಗಿ ಹಿಡಿಯುತ್ತದೆ ಅಲ್ಲವೇ?

ಇಲ್ಲ. ಸಣ್ಣ ದೋಣಿಯ ಲಂಗರು ಹಿಡಿಯುವುದು ತನ್ನ ತೂಕದಿಂದಲ್ಲ, ತಳದೊಳಗೆ ಹೂತುಕೊಳ್ಳುವುದರಿಂದ. ಅದರ ಅಲಗು ಮರಳಿಗೋ ಕೆಸರಿಗೋ ಇಳಿದ ಮೇಲೆ ಮುಂದಿರುವ ಮಣ್ಣಿನ ರಾಶಿಯನ್ನೇ ಎಳೆಯಬೇಕಾಗುತ್ತದೆ. ಹಾಗಾಗಿ ಅಲಗಿನ ಅಗಲ, ಅದರ ಮೊನೆ, ಅದು ದಂಡಕ್ಕೆ (ಹಗ್ಗ ಅಥವಾ ಸರಪಳಿ ಕೂಡಿಸುವ ಉದ್ದನೆಯ ಕೋಲಿಗೆ) ಕೂತಿರುವ ಕೋನ, ಇವೇ ಮುಖ್ಯ. ಅಲ್ಯೂಮಿನಿಯಂ ಮಿಶ್ರಲೋಹದ ಫೋರ್ಟ್ರೆಸ್ ಎಫ್‌ಎಕ್ಸ್-7 ಎಂಬ ಲಂಗರು ತೂಗುವುದು ಸುಮಾರು 1.8 ಕಿಲೋ. ಆದರೂ ತಯಾರಕರು ಅದನ್ನು 16ರಿಂದ 27 ಅಡಿಯ ದೋಣಿಗಳಿಗೆ ಹೇಳುತ್ತಾರೆ. ಮರಳಿನಲ್ಲಿ ಒಮ್ಮೆ ಹೂತರೆ ಅದು ತನ್ನ ತೂಕದ ಹತ್ತಾರು ಪಟ್ಟು ಎಳೆತವನ್ನು ತಡೆಯುತ್ತದೆ.

ಭಾರಕ್ಕೂ ಒಂದು ಕೆಲಸವಿದೆ. ತಳ ಗಟ್ಟಿಯಾಗಿದ್ದರೆ ಮೊದಲ ಕಡಿತಕ್ಕೆ ಮೊನೆಯ ಮೇಲೆ ತೂಕ ಬೇಕು. ತೀರಾ ಹಗುರವಾದ ಲಂಗರು ನೀರಿನ ಸೆಳೆತಕ್ಕೆ ಓರೆಯಾಗಿ ತೇಲುತ್ತಾ ಇಳಿದು ಅಂಗಾತ ಬೀಳಬಹುದು. ಆದರೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಆಕಾರ, ಆಮೇಲೆ ತೂಕ.

ಸಿಮೆಂಟ್ ಬ್ಲಾಕ್, ಹಳೇ ಡಂಬೆಲ್, ಮರಳು ತುಂಬಿದ ಚೀಲ ಕಟ್ಟಿ ಬಿಟ್ಟರೆ ಸಾಲದೇ?

ಗಾಳಿಯೂ ಸೆಳೆತವೂ ಇಲ್ಲದ ಕೆರೆಯಲ್ಲಿ ಅರ್ಧ ಗಂಟೆ ನಿಲ್ಲಲು ಸಾಕು, ಅದಕ್ಕಿಂತ ಮುಂದೆ ಬೇಡ. ಲೆಕ್ಕ ಹೀಗಿದೆ: ಕಾಂಕ್ರೀಟು ನೀರಿಗಿಳಿದ ತಕ್ಷಣ ತೂಕದಲ್ಲಿ ಶೇಕಡಾ 40ಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ದೋಣಿಯೊಳಗೆ 20 ಕಿಲೋ ಇದ್ದ ಬ್ಲಾಕ್ ತಳದಲ್ಲಿ 12 ಕಿಲೋಗೂ ಕಮ್ಮಿ. ಅದೂ ಹೂತುಕೊಳ್ಳುವುದಿಲ್ಲ, ಬರೀ ಉಜ್ಜಾಟದಿಂದ ತಡೆಯುತ್ತದೆ. ಅಂದರೆ ಆ ಹನ್ನೆರಡು ಕಿಲೋದಷ್ಟು ಹಿಡಿತವೂ ಪೂರ್ತಿ ಸಿಗುವುದಿಲ್ಲ. ಅತ್ತ ದೋಣಿಯ ಕಡೆಯ ಎಳೆತ ಎಷ್ಟು ನೋಡಿ. ಅಮೆರಿಕದ ದೋಣಿ ತಯಾರಿಕೆಯ ಮಾನದಂಡಗಳನ್ನು ರೂಪಿಸುವ ಎಬಿವೈಸಿ ಕೋಷ್ಟಕದಂತೆ 20 ಅಡಿಯ ದೋಣಿಗೆ ಗಂಟೆಗೆ 55 ಕಿ.ಮೀ. ಗಾಳಿಯಲ್ಲಿ ಸುಮಾರು 160 ಕಿಲೋ ಭಾರದಷ್ಟು ಎಳೆತ ಹಿಡಿಯಬೇಕು. 15 ಅಡಿಯದಕ್ಕೆ ಸುಮಾರು 113 ಕಿಲೋ. ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ ಎನ್ನುವುದನ್ನೂ ಮರೆಯಬೇಡಿ. ಬೆಳಿಗ್ಗೆ ಅಲ್ಲಾಡದೆ ನಿಂತಿದ್ದ ಬ್ಲಾಕ್ ಮಧ್ಯಾಹ್ನದ ಪಡುಗಾಳಿಗೆ ಜಾರತೊಡಗುವುದು ಇದಕ್ಕೇ.

ಯಾವ ಯಾವ ಬಗೆಯ ಲಂಗರುಗಳಿವೆ? ಯಾವ ತಳಕ್ಕೆ ಯಾವುದು?

ಡ್ಯಾನ್‌ಫೋರ್ತ್: ಎರಡು ಅಗಲವಾದ ಚಪ್ಪಟೆ ಅಲಗು, ನಡುವೆ ಕೀಲಿನ ಮೇಲೆ ಆಡುವ ದಂಡ. 1940ರ ಹೊತ್ತಿಗೆ ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ರೂಪಿಸಿದ್ದು. ಮರಳು ಮತ್ತು ಕೆಸರಿನಲ್ಲಿ ತೂಕಕ್ಕೆ ಹೋಲಿಸಿದರೆ ಇದರಷ್ಟು ಹಿಡಿಯುವ ಲಂಗರು ಕಮ್ಮಿ. ಮಡಚಿ ಚಪ್ಪಟೆಯಾಗಿ ಇಡಬಹುದು. ಇದರ ದೌರ್ಬಲ್ಯ ಎರಡು. ಒಂದು, ಅಲಗುಗಳ ನಡುವೆ ಕಲ್ಲೋ ಚಿಪ್ಪೋ ಸಿಕ್ಕಿಕೊಂಡರೆ ಕೀಲು ಆಡದೆ ಲಂಗರು ಬರೀ ಜಾರುತ್ತದೆ. ಎರಡು, ಎಳೆತದ ದಿಕ್ಕು ತಿರುಗಿದಾಗ ಕಿತ್ತು ಬಂದು ಮತ್ತೆ ಕಚ್ಚದೇ ಹೋಗಬಹುದು. ಮೆತ್ತನೆಯ ಕೆಸರಿಗೆ 32 ಡಿಗ್ರಿಯ ಮಾಮೂಲಿ ಕೋನ ಸಾಲದು. ಇದೇ ಆಕಾರದ ಫೋರ್ಟ್ರೆಸ್‌ನಲ್ಲಿ ಅದನ್ನು 45 ಡಿಗ್ರಿಗೆ ಬದಲಾಯಿಸಿಕೊಳ್ಳುವ ವ್ಯವಸ್ಥೆ ಇದೆ. ಅದೇ 45 ಡಿಗ್ರಿಯನ್ನು ಗಟ್ಟಿ ಮರಳಿನಲ್ಲಿ ಇಟ್ಟರೆ ಕಚ್ಚುವುದೇ ಇಲ್ಲ.

ನೇಗಿಲಿನಂಥವು: ಬ್ರಿಟನ್ನಿನ ಭೌತವಿಜ್ಞಾನಿ ಜೆಫ್ರಿ ಟೇಲರ್ 1933ರಲ್ಲಿ ರೂಪಿಸಿದ ಸಿಕ್ಯೂಆರ್ ಇದರ ಮೂಲ. ಆಮೇಲೆ ಬಂದದ್ದು ಕೀಲಿಲ್ಲದ ಡೆಲ್ಟಾ. ಹಲವು ಬಗೆಯ ತಳದಲ್ಲಿ ತಕ್ಕಮಟ್ಟಿಗೆ ಕೆಲಸ ಮಾಡುತ್ತವೆ. ಸಣ್ಣ ದೋಣಿಗೆ ಡೆಲ್ಟಾ ಆಕಾರ ಒಳ್ಳೆಯದು. ಸಿಕ್ಯೂಆರ್ ಈ ಗಾತ್ರದಲ್ಲಿ ಕಚ್ಚಲು ತಡಮಾಡುತ್ತದೆ.

ಪಂಜದಂಥದ್ದು: ಬ್ರೂಸ್ ಎಂದು ಹೆಸರಾದದ್ದು. ಬೇಗ ಕಚ್ಚುತ್ತದೆ, ಕಲ್ಲು ಬೆರೆತ ತಳದಲ್ಲೂ ಸಿಕ್ಕಿಕೊಳ್ಳುತ್ತದೆ, ದಿಕ್ಕು ತಿರುಗಿದರೆ ಜೊತೆಗೇ ತಿರುಗುತ್ತದೆ. ಆದರೆ ಅದೇ ತೂಕದ ಬೇರೆ ಲಂಗರುಗಳಿಗಿಂತ ಒಟ್ಟು ಹಿಡಿತ ಕಮ್ಮಿ. ಇದನ್ನು ಕೊಳ್ಳುವುದಾದರೆ ಒಂದು ಅಳತೆ ದೊಡ್ಡದನ್ನೇ ಕೊಳ್ಳಿ.

ಗುಳಿಯಲಗಿನ ಹೊಸ ತಲೆಮಾರು: ಫ್ರಾನ್ಸಿನ ಸ್ಪೇಡ್, ನ್ಯೂಜಿಲೆಂಡಿನ ರೊಕ್ನಾ ಮತ್ತು ಮ್ಯಾನ್ಸನ್ ಸುಪ್ರೀಮ್, ಅಮೆರಿಕದ ಮ್ಯಾಂಟಸ್ ಈ ಗುಂಪಿನವು. ಮುಂದೆ ಚೂಪಾದ ಮೊನೆ, ಮೇಲ್ಮೈ ಒಳಕ್ಕೆ ಬಾಗಿದ ಅಲಗು. ರೊಕ್ನಾದಂಥವುಗಳಿಗೆ ಹಿಂದೆ ಕಮಾನಿನಂಥ ಸರಳು ಇರುತ್ತದೆ. ಲಂಗರು ಅಂಗಾತ ಬಿದ್ದರೂ ಆ ಕಮಾನು ಅದನ್ನು ಮಗುಚಿ ಮೊನೆಯನ್ನು ತಳಕ್ಕೆ ತಿರುಗಿಸುತ್ತದೆ. ಕಚ್ಚುವ ವೇಗ, ಹಿಡಿತ, ದಿಕ್ಕು ತಿರುಗಿದಾಗ ಮರಳಿ ಹೂಳುವ ಗುಣ, ಮೂರರಲ್ಲೂ ಇವು ಮೇಲು. ಬೆಲೆಯೂ ಮೇಲೇ.

ಕೊಕ್ಕೆ ಲಂಗರು: ನಾಲ್ಕು ಕೊಕ್ಕೆಯದು, ಮಡಚುವಂಥದ್ದೂ ಸಿಗುತ್ತದೆ. ಬಂಡೆಯ ಸಂದಿಗೆ, ಕಲ್ಲುರಾಶಿಗೆ ಇದು ಸರಿ. ಮರಳಿನಲ್ಲೂ ಕೆಸರಿನಲ್ಲೂ ಗೀರು ಎಳೆದುಕೊಂಡು ಬರುತ್ತದೆ, ಅಷ್ಟೇ.

ಅಣಬೆ ಲಂಗರು: ತಿಂಗಳುಗಟ್ಟಲೆ ಕೆಸರಿನಲ್ಲಿ ಬಿಟ್ಟು, ಹೂತು ಹೋದ ಮೇಲೆ ಹಿಡಿಯುವಂಥದ್ದು. ಐದು ಕಿಲೋದ ಅಣಬೆಯನ್ನು ಒಂದು ಗಂಟೆಗೆ ಇಳಿಸಿದರೆ ಅದು ಡಂಬೆಲ್‌ಗಿಂತ ಬೇರೆಯಲ್ಲ.

ಒಂದೇ ಒಂದು ಕೊಳ್ಳುವುದಾದರೆ ಯಾವುದು?

ಅಳಿವೆಗೆ ಹೋಗುವವರಿಗೆ ನಮ್ಮ ಸಲಹೆ ಕಮಾನು ಸರಳಿರುವ ಗುಳಿಯಲಗಿನ ಲಂಗರು. ಕಾರಣ ನೀರಿನ ಸೆಳೆತ. ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ, ನೇತ್ರಾವತಿ, ಯಾವುದೇ ಅಳಿವೆಯಾದರೂ ಭರತದಲ್ಲಿ ನೀರು ಒಳಕ್ಕೆ, ಇಳಿತದಲ್ಲಿ ಹೊರಕ್ಕೆ ಹರಿಯುತ್ತದೆ. ಆರು ಗಂಟೆಗೊಮ್ಮೆ ದೋಣಿ ಹಿಂದುಮುಂದಾಗಿ ಲಂಗರನ್ನು ಎದುರು ದಿಕ್ಕಿನಿಂದ ಎಳೆಯುತ್ತದೆ. ಡ್ಯಾನ್‌ಫೋರ್ತ್ ಕೈಕೊಡುವುದು ಈ ತಿರುಗುವ ಹೊತ್ತಿನಲ್ಲೇ: ಸಡಿಲಾದ ಹಗ್ಗವೋ ಸರಪಳಿಯೋ ಅಲಗಿಗೆ ಸುತ್ತಿಕೊಂಡು, ಲಂಗರು ಕಿತ್ತುಬಂದು, ಮತ್ತೆ ಕಚ್ಚುವುದೇ ಇಲ್ಲ.

ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ, ಅಥವಾ ಎರಡು ಮೂರು ಗಂಟೆ ಗಾಳ ಹಾಕಿ ಬರುವುದಷ್ಟೇ ಆದರೆ, ಡ್ಯಾನ್‌ಫೋರ್ತ್ ಸಾಕು. ನೀರು ತಿರುಗುವ ಹೊತ್ತಿಗೆ ಎಚ್ಚರದಿಂದಿದ್ದು ಎತ್ತಿ ಮತ್ತೆ ಹಾಕಿ. ಬಂಡೆಯ ಪಕ್ಕ ಗಾಳ ಹಾಕುವವರು ಇದರ ಜೊತೆಗೆ ಎರಡನೆಯದಾಗಿ ಒಂದು ಕೊಕ್ಕೆ ಲಂಗರು ಇಟ್ಟುಕೊಳ್ಳಲಿ.

ನನ್ನ ದೋಣಿಗೆ ಎಷ್ಟು ಕಿಲೋದ್ದು ಬೇಕು?

ಉಕ್ಕಿನ ಲಂಗರುಗಳಿಗೆ ಸುಮಾರು ಹೀಗೆ ಲೆಕ್ಕ ಹಿಡಿಯಿರಿ. 14ರಿಂದ 17 ಅಡಿಗೆ: ಗುಳಿಯಲಗಿನದು ಅಥವಾ ಡೆಲ್ಟಾ ಬಗೆಯದು 4 ಕಿಲೋ, ಡ್ಯಾನ್‌ಫೋರ್ತ್ 3ರಿಂದ 4 ಕಿಲೋ, ಪಂಜದ್ದು 5 ಕಿಲೋ. 18ರಿಂದ 22 ಅಡಿಗೆ, ಅದೇ ಕ್ರಮದಲ್ಲಿ: 6 ಕಿಲೋ, 4ರಿಂದ 6 ಕಿಲೋ, 7.5 ಕಿಲೋ. ದೋಣಿಗೆ ಎತ್ತರದ ಕ್ಯಾಬಿನ್ನೋ ಮೇಲ್ಚಪ್ಪರವೋ ಇದ್ದರೆ ಗಾಳಿ ಹಿಡಿಯುವ ಮೈ ಹೆಚ್ಚು. ಒಂದು ಅಳತೆ ಮೇಲಿನದನ್ನು ತೆಗೆದುಕೊಳ್ಳಿ. ತಯಾರಕರ ಕೋಷ್ಟಕ ಇದ್ದರೆ ಅದನ್ನೇ ನೋಡಿ, ಆದರೆ ಎರಡು ಅಳತೆಗಳ ಗಡಿಯಲ್ಲಿ ನಿಮ್ಮ ದೋಣಿ ಬಂದರೆ ದೊಡ್ಡದರ ಕಡೆಗೇ ಹೋಗಿ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ನಾಲ್ಕು ಕೊಕ್ಕೆಯ ಲಂಗರು ಆಗುತ್ತದೆಯೇ?

ಬಂಡೆಗೆ ಧಾರಾಳವಾಗಿ ಆಗುತ್ತದೆ, ಒಂದು ರೀತಿಯಲ್ಲಿ ಅದೇ ವಾಸಿ. 10 ಅಥವಾ 12 ಮಿ.ಮೀ. ಸಾದಾ ಸರಳಿನ ಕೊಕ್ಕೆ ಬಂಡೆಯಲ್ಲಿ ಸಿಕ್ಕಿಕೊಂಡರೆ ಬಲವಾಗಿ ಎಳೆದಾಗ ಕೊಕ್ಕೆ ನೇರವಾಗಿ ಬಿಟ್ಟುಬರುತ್ತದೆ. ಮನೆಗೆ ಬಂದು ಬಗ್ಗಿಸಿಕೊಳ್ಳಬಹುದು. ಟಿಎಂಟಿ ಸರಳು ಇದಕ್ಕೆ ಬೇಡ, ಬಾಗುವುದೂ ಕಷ್ಟ, ಬೆಸುಗೆಯಲ್ಲಿ ಮುರಿಯುವ ಸಂಭವವೂ ಹೆಚ್ಚು. ಕೊಕ್ಕೆಗಳು ಕೂಡುವ ಬುಡದಲ್ಲಿ ಸುತ್ತಲೂ ತುಂಬು ಬೆಸುಗೆ ಇರಬೇಕು. ನಾಲ್ಕು ಚುಕ್ಕೆ ಇಟ್ಟು ಬಣ್ಣ ಬಳಿದದ್ದು ಮೊದಲ ಜಗ್ಗಿಗೇ ಕಳಚುತ್ತದೆ. ಬುಡದಲ್ಲೊಂದು ಬಳೆ ಬೆಸೆಯಲು ಹೇಳಿ, ಸಿಕ್ಕಿಕೊಂಡಾಗ ಹಿಂದಿನಿಂದ ಎಳೆಯಲು ಅದು ಬೇಕು.

ಅದೇ ಅಂಗಡಿಯಲ್ಲಿ ಡ್ಯಾನ್‌ಫೋರ್ತ್ ಅಥವಾ ರೊಕ್ನಾ ಆಕಾರವನ್ನು ಫೋಟೊ ನೋಡಿ ಮಾಡಿಸುವುದು ಬೇಡ. ಕೋನ ನಾಲ್ಕೈದು ಡಿಗ್ರಿ ತಪ್ಪಿದರೂ ಮೊನೆಯ ಬದಲು ಅಲಗಿನ ಬೆನ್ನು ತಳಕ್ಕೆ ತಾಗಿ ಲಂಗರು ಜಾರುತ್ತದೆ. ಮೊನೆಯ ಮೇಲೆ ಎಷ್ಟು ಭಾರ ಬೀಳಬೇಕು ಎನ್ನುವುದೂ ಫೋಟೊದಲ್ಲಿ ಕಾಣುವುದಿಲ್ಲ.

ಕೆಳಗೆ ಮರಳೋ ಕೆಸರೋ ಬಂಡೆಯೋ, ತಿಳಿಯುವುದು ಹೇಗೆ?

ಅರ್ಧ ಕಿಲೋದ ಸೀಸದ ಗುಂಡಿಗೆ 20 ಮೀಟರ್ ತೆಳು ಹಗ್ಗ ಕಟ್ಟಿ. ಗುಂಡಿನ ಅಡಿಯಲ್ಲಿ ಒಂದು ಕುಳಿ ಕೊರೆದು ಬಾರ್ ಸೋಪಿನ ಚೂರನ್ನೋ ಗಟ್ಟಿ ಗ್ರೀಸನ್ನೋ ತುಂಬಿ. ಇಳಿಸಿ, ಎರಡು ಸಲ ಕುಟ್ಟಿ, ಎತ್ತಿ ನೋಡಿ. ಸೋಪಿಗೆ ಮರಳಿನ ಕಣ ಅಂಟಿದ್ದರೆ ಮರಳು. ಬೂದು ಅಥವಾ ಕಪ್ಪು ಲೇಪ ಹಿಡಿದಿದ್ದರೆ ಕೆಸರು. ಏನೂ ಅಂಟದೆ ಸೋಪಿನಲ್ಲಿ ತಗ್ಗೋ ಗೀರೋ ಬಿದ್ದಿದ್ದರೆ ಬಂಡೆ. ಚಿಪ್ಪಿನ ಚೂರು ಬಂದರೆ ಡ್ಯಾನ್‌ಫೋರ್ತ್ ಇಳಿಸುವ ಮುನ್ನ ಐವತ್ತು ಮೀಟರ್ ಆಚೆಗೆ ಹೋಗಿ. ಗುಂಡು ತಾಗುವ ರೀತಿಯಲ್ಲೂ ಗೊತ್ತಾಗುತ್ತದೆ: ಬಂಡೆಗೆ ಟಕ್ಕೆಂದು ಕೈಗೆ ತಾಗುತ್ತದೆ, ಕೆಸರಿನಲ್ಲಿ ಹಿಡಿದೆಳೆದ ಹಾಗೆ ತಡವಾಗಿ ಬಿಡುತ್ತದೆ. ಆಳವೂ ಇದೇ ಹಗ್ಗದಲ್ಲಿ ಸಿಗುವುದರಿಂದ ಮೀಟರಿಗೊಂದು ಬಣ್ಣದ ದಾರ ಕಟ್ಟಿಡಿ. ಮಾರಿನ ಲೆಕ್ಕದವರು ಒಂದು ಮಾರಿಗೆ ಸುಮಾರು 1.8 ಮೀಟರ್ ಹಿಡಿದರೆ ಸರಿಹೋಗುತ್ತದೆ. ಬ್ಯಾಟರಿ ಮುಗಿಯದ ಈ ಸಾಧನ ಪ್ರತಿ ದೋಣಿಯಲ್ಲೂ ಇರಲೇಬೇಕು.

ಸರಪಳಿ ಬೇಕೇ ಬೇಕೇ? ಹಗ್ಗವನ್ನೇ ಲಂಗರಿಗೆ ಕಟ್ಟಿದರೆ ಆಗದೇ?

ಬೇಕೇ ಬೇಕು. ಸರಪಳಿ ಎರಡು ಕೆಲಸ ಮಾಡುತ್ತದೆ. ಲಂಗರಿನ ದಂಡವನ್ನು ತಳಕ್ಕೆ ಒತ್ತಿಹಿಡಿದು ಎಳೆತ ನೆಲಕ್ಕೆ ಸಮವಾಗಿ ಬರುವಂತೆ ಮಾಡುವುದು ಒಂದು. ಬಂಡೆ, ಚಿಪ್ಪು, ಮುಳುಗಿದ ಕಬ್ಬಿಣಕ್ಕೆ ಹಗ್ಗ ಉಜ್ಜಿ ಕತ್ತರಿಸಿಹೋಗದಂತೆ ಕಾಯುವುದು ಇನ್ನೊಂದು. ದೋಣಿಯ ಉದ್ದದಷ್ಟು ಸರಪಳಿ ಒಳ್ಳೆಯ ಅಳತೆ, ಅಂದರೆ 5ರಿಂದ 6 ಮೀಟರ್. 6 ಮಿ.ಮೀ. ದಪ್ಪದ್ದು ಮೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ; 18 ಅಡಿಯವರೆಗೆ ಅದು ಸಾಕು. ದೊಡ್ಡ ದೋಣಿಗೆ 8 ಮಿ.ಮೀ. ಹಾಕಬಹುದು, ಅದು ಮೀಟರಿಗೆ 1.4 ಕಿಲೋ, ಕೈಯಿಂದ ಎತ್ತುವವರು ಯಾರೆಂದು ಯೋಚಿಸಿ ಕೊಳ್ಳಿ.

ಹಾರ್ಡ್‌ವೇರ್ ಅಂಗಡಿಯ ಹೊಳೆಯುವ ಸರಪಳಿ ಬಹಳ ಸಲ ವಿದ್ಯುತ್ ಲೇಪನದ್ದು. ಉಪ್ಪುನೀರಿನಲ್ಲಿ ಒಂದು ಋತುವೂ ಬಾಳುವುದಿಲ್ಲ. ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದು ಮಂಕಾಗಿ, ಸ್ವಲ್ಪ ಒರಟಾಗಿ, ಬೂದು ಬಣ್ಣಕ್ಕಿರುತ್ತದೆ. ಬೇಕಾದದ್ದು ಅದೇ. ಕೊಂಡಿಗಳು ಗಿಡ್ಡವಾಗಿರಲಿ, ಬೆಸುಗೆ ಹಾಕಿದವಾಗಿರಲಿ. ತಂತಿ ಬಗ್ಗಿಸಿ ತುದಿ ಕೂಡಿಸಿದ ಕೊಂಡಿ ಎಳೆತಕ್ಕೆ ಬಾಯಿ ಬಿಡುತ್ತದೆ.

ಹಗ್ಗ ಯಾವುದು? ಅಂಗಡಿಯಲ್ಲಿ ಎಲ್ಲವನ್ನೂ ನೈಲಾನ್ ಎಂದೇ ಕೊಡುತ್ತಾರಲ್ಲ?

ಬೇಕಾದದ್ದು ನಿಜವಾದ ನೈಲಾನ್, ಮೂರೆಳೆಯದ್ದು. ನೈಲಾನ್ ಹಿಗ್ಗುತ್ತದೆ. ಅಲೆಯ ಒಂದೊಂದು ಜಗ್ಗನ್ನೂ ಅದು ಹೀರಿಕೊಳ್ಳುವುದರಿಂದ ಲಂಗರಿಗೆ ಏಟು ತಾಗುವುದಿಲ್ಲ. ಅಗ್ಗದ ಪಾಲಿಪ್ರೊಪಿಲೀನ್ ಹಗ್ಗ ಅಷ್ಟು ಹಿಗ್ಗುವುದಿಲ್ಲ, ಬಿಸಿಲಿಗೆ ಪುಡಿಯಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಅದು ನೀರಿನ ಮೇಲೆ ತೇಲುತ್ತದೆ. ಸಡಿಲವಾಗಿದ್ದಾಗ ನಿಮ್ಮದೋ ಪಕ್ಕದವರದೋ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಬೆರಳುದ್ದದ ತುಂಡನ್ನು ಬಕೆಟ್ ನೀರಿಗೆ ಹಾಕಿ, ಗಾಳಿಗುಳ್ಳೆ ಹೋಗುವಂತೆ ಹಿಂಡಿ ಬಿಡಿ. ತೇಲಿದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಥಿಲೀನ್, ವಾಪಸ್ ಕೊಡಿ. ಮುಳುಗಿದರೆ ನೈಲಾನ್ ಅಥವಾ ಪಾಲಿಯೆಸ್ಟರ್. ಇವೆರಡರಲ್ಲಿ ಜಗ್ಗಿದಾಗ ಕಣ್ಣಿಗೆ ಕಾಣುವಷ್ಟು ಹಿಗ್ಗುವುದು ನೈಲಾನ್. ಪಾಲಿಯೆಸ್ಟರ್ ಕೂಡ ನಡೆಯುತ್ತದೆ, ಆದರೆ ಜಗ್ಗು ಹೆಚ್ಚು.

10 ಮಿ.ಮೀ. ನೈಲಾನ್ ಸುಮಾರು ಎರಡು ಟನ್ನಿಗೆ ತುಂಡಾಗುತ್ತದೆ, ಈ ದೋಣಿಗಳಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಆದರೂ 12 ಮಿ.ಮೀ. ಕೊಳ್ಳಿ ಎನ್ನುತ್ತೇವೆ, ಬಲಕ್ಕಲ್ಲ, ಕೈಗೆ. ಒದ್ದೆಯಾದ ತೆಳು ಹಗ್ಗವನ್ನು ಅಲೆಯಲ್ಲಿ ನಿಂತು ಎಳೆದರೆ ಅಂಗೈ ಸುಲಿಯುತ್ತದೆ.

ಎಷ್ಟು ಉದ್ದದ ಹಗ್ಗ ಬೇಕು?

ಆಳದ ಏಳು ಪಟ್ಟು. ಹವಾಮಾನ ಚೆನ್ನಾಗಿದ್ದು, ದೋಣಿಯಲ್ಲೇ ಎಚ್ಚರವಾಗಿದ್ದರೆ ಐದು ಪಟ್ಟು. ಗಾಳಿ ಏಳುವ ಸೂಚನೆ ಕಂಡರೆ ಹತ್ತು. ಮೂರು ಪಟ್ಟಿಗೆ ನಿಲ್ಲಿಸಿದರೆ ಎಳೆತ ನೆಲದಿಂದ ಹೆಚ್ಚುಕಡಿಮೆ 19 ಡಿಗ್ರಿ ಮೇಲಕ್ಕೆ ಬರುತ್ತದೆ, ಐದಕ್ಕೆ 11, ಏಳಕ್ಕೆ 8 ಡಿಗ್ರಿ. ಕೋನ ಏರಿದಷ್ಟೂ ಲಂಗರಿನ ಮೊನೆ ಹೂಳುವ ಬದಲು ಕೀಳುತ್ತದೆ. ಲಂಗರು ಜಾರಿತು ಎಂದು ದೂರುವವರಲ್ಲಿ ಬಹುಪಾಲು ಜನ ಬಿಟ್ಟಿರುವುದು ಎರಡೋ ಮೂರೋ ಪಟ್ಟು ಹಗ್ಗ ಮಾತ್ರ.

ಆಳ ಎಂದರೆ ನೀರಿನ ಆಳ ಮಾತ್ರ ಅಲ್ಲ. ಅದಕ್ಕೆ ಮುಂತುದಿ ನೀರಿನಿಂದ ಎಷ್ಟು ಎತ್ತರವಿದೆಯೋ ಅದನ್ನೂ, ಇನ್ನು ಬರಬೇಕಿರುವ ಭರತವನ್ನೂ ಕೂಡಿಸಬೇಕು. ಉದಾಹರಣೆಗೆ ಇಳಿತದ ಹೊತ್ತಿನಲ್ಲಿ 4 ಮೀಟರ್ ನೀರಿದೆ. ಭರತಕ್ಕೆ ಇನ್ನೂ 1.5 ಮೀಟರ್ ಏರುತ್ತದೆ. ಮುಂತುದಿ 75 ಸೆಂ.ಮೀ. ಮೇಲಿದೆ. ಒಟ್ಟು 6.25 ಮೀಟರ್. ಐದು ಪಟ್ಟಿಗೆ 31 ಮೀಟರ್, ಏಳು ಪಟ್ಟಿಗೆ 44 ಮೀಟರ್. ಬರೀ ನಾಲ್ಕು ಮೀಟರ್ ಎಂದುಕೊಂಡು 20 ಮೀಟರ್ ಬಿಟ್ಟವರಿಗೆ ಭರತ ತುಂಬಿದಾಗ ಉಳಿಯುವುದು ಮೂರು ಪಟ್ಟು ಚಿಲ್ಲರೆ. ನಮ್ಮ ಕರಾವಳಿಯ ಏರಿಳಿತ ಗುಜರಾತಿನಷ್ಟು ದೊಡ್ಡದಲ್ಲ, ಆದರೆ ಅಮಾವಾಸ್ಯೆ ಹುಣ್ಣಿಮೆಯ ಸುಮಾರಿಗೆ ಕಾರವಾರದ ಕಡೆ ಎರಡು ಮೀಟರಿನ ಹತ್ತಿರ ಹೋಗುತ್ತದೆ. ಅಳಿವೆಗೆ ಮತ್ತು ದಡದ ಹತ್ತಿರಕ್ಕೆ 50 ಮೀಟರ್ ಹಗ್ಗ ಸಾಕು. ಇನ್ನೂ ಆಳಕ್ಕೆ ಹೋಗುವವರು 100 ಮೀಟರ್ ಇಟ್ಟುಕೊಳ್ಳಲಿ.

ಜೋಡಣೆಗೆ ಏನೇನು ಬೇಕು?

ಲಂಗರಿಗೂ ಸರಪಳಿಗೂ ನಡುವೆ ಒಂದು, ಸರಪಳಿಗೂ ಹಗ್ಗಕ್ಕೂ ನಡುವೆ ಒಂದು, ಹೀಗೆ ಎರಡು ಗ್ಯಾಲ್ವನೈಸ್ ಶ್ಯಾಕಲ್ (ಅಡ್ಡ ಪಿನ್ನಿನಿಂದ ಬಾಯಿ ಮುಚ್ಚುವ ಯು ಆಕಾರದ ಕೊಂಡಿ). 6 ಮಿ.ಮೀ. ಸರಪಳಿಗೆ 8 ಮಿ.ಮೀ. ಶ್ಯಾಕಲ್. ಪಿನ್ನನ್ನು ಸ್ಪ್ಯಾನರ್‌ನಿಂದ ಬಿಗಿ ಮಾಡಿ, ಅದರ ತೂತಿಗೆ ತಂತಿ ಪೋಣಿಸಿ ಶ್ಯಾಕಲ್‌ನ ಕಾಲಿಗೆ ಎರಡು ಮೂರು ಸುತ್ತು ಕಟ್ಟಿ. ಇದನ್ನು ಮಾಡದಿದ್ದರೆ ಅಲೆಯ ಕುಲುಕಾಟಕ್ಕೆ ಪಿನ್ನು ನಿಧಾನವಾಗಿ ತಿರುಗಿ ಹೊರಗೆ ಬರುತ್ತದೆ. ಹಗ್ಗ ಹಿಡಿದೆಳೆದಾಗ ಕೈಗೆ ಬರೀ ಸರಪಳಿ ಬರುತ್ತದೆ, ಲಂಗರು ತಳದಲ್ಲೇ ಉಳಿದಿರುತ್ತದೆ.

ಹಗ್ಗದ ತುದಿಯಲ್ಲಿ ಥಿಂಬಲ್ (ಹಗ್ಗ ಸವೆಯದಂತೆ ಕಾಯುವ ಬಳೆ) ಕೂರಿಸಿ ಎಳೆಗಳನ್ನು ಹೆಣೆದ ಕಣ್ಣು ಇರಬೇಕು, ಐದು ಹೆಣಿಗೆ ಕಮ್ಮಿಯಿಲ್ಲದಂತೆ. ಬಂದರಿನಲ್ಲಿ ಬಲೆ ಹಗ್ಗದ ಕೆಲಸ ಮಾಡುವವರಿಗೆ ಇದು ಹತ್ತು ನಿಮಿಷದ ಕೆಲಸ. ಗಂಟು ಹಾಕಿದರೆ ಹಗ್ಗದ ಬಲ ಅರ್ಧದ ಹತ್ತಿರಕ್ಕೆ ಇಳಿಯಬಹುದು, ಹೆಣೆದರೆ ಹೆಚ್ಚೇನೂ ಇಳಿಯುವುದಿಲ್ಲ. ಸ್ವಿವೆಲ್, ಅಂದರೆ ತಿರುಗುವ ಕೊಂಡಿ, ಬೇಡ. ಈ ಗಾತ್ರಕ್ಕೆ ಅದರಿಂದ ಉಪಯೋಗವಿಲ್ಲ, ಮುರಿಯುವ ಇನ್ನೊಂದು ಜಾಗ ಅಷ್ಟೇ.

ದೋಣಿಯ ಕಡೆಯನ್ನೂ ನೋಡಿ. ಮುಂತುದಿಯ ಕ್ಲೀಟನ್ನು (ಹಗ್ಗ ಸುತ್ತಿ ಕಟ್ಟುವ ಹಿಡಿಕೆ) ಬರೀ ಸ್ಕ್ರೂ ಹಾಕಿ ಕೂರಿಸಿದ್ದರೆ ಕಿತ್ತುಬರುತ್ತದೆ. ಫೈಬರಿನ ಕೆಳಗೆ ಅಂಗೈಯಗಲದ ಸ್ಟೀಲ್ ಅಥವಾ ಮರೈನ್ ಪ್ಲೈವುಡ್ ಪಟ್ಟಿ ಕೊಟ್ಟು ಬೋಲ್ಟ್-ನಟ್ ಹಾಕಿಸಿ. ಹಗ್ಗದ ಕೊನೆಯ ತುದಿಯನ್ನು ದೋಣಿಯೊಳಗಿನ ಗಟ್ಟಿ ಬಳೆಗೆ ಕಟ್ಟಿರಬೇಕು, ಚಾಕುವಿನಿಂದ ಕತ್ತರಿಸಬಹುದಾದ ತೆಳು ಹಗ್ಗದ ಮೂಲಕ.

ಲಂಗರು ಹಾಕುವ ಸರಿಯಾದ ಕ್ರಮ ಯಾವುದು?

ಗಾಳಿ ಅಥವಾ ಸೆಳೆತ, ಯಾವುದು ಬಲವೋ ಅದಕ್ಕೆ ಎದುರಾಗಿ ದೋಣಿಯ ಮೂತಿ ತಿರುಗಿಸಿ. ನಿಲ್ಲಬೇಕಾದ ಜಾಗದಿಂದ ಹಗ್ಗದ ಉದ್ದದಷ್ಟು ಮುಂದೆ ಹೋಗಿ ಪೂರ್ತಿ ನಿಲ್ಲಿಸಿ. ಲಂಗರನ್ನು ಎಸೆಯಬೇಡಿ, ಕೈಯಿಂದ ಇಳಿಸಿ. ಎಸೆದರೆ ಸರಪಳಿ ಅಲಗಿನ ಮೇಲೇ ರಾಶಿ ಬೀಳುತ್ತದೆ. ತಳ ತಾಗಿದ್ದು ಕೈಗೆ ತಿಳಿದ ಮೇಲೆ ದೋಣಿ ಹಿಂದಕ್ಕೆ ಸರಿಯಲಿ, ಸರಿದಷ್ಟೇ ಹಗ್ಗ ಬಿಡಿ. ಮೂರು ಪಟ್ಟು ಬಿಟ್ಟಾಗ ಕ್ಲೀಟಿಗೆ ಒಂದು ಸುತ್ತು ಹಾಕಿ ಮೆಲ್ಲಗೆ ತಡೆಯಿರಿ. ಮೊನೆ ಕಚ್ಚುವುದು ಈಗ, ಮೂತಿ ತಾನಾಗಿ ಲಂಗರಿನ ಕಡೆ ತಿರುಗುತ್ತದೆ. ಆಮೇಲೆ ಐದು ಅಥವಾ ಏಳು ಪಟ್ಟಿಗೆ ಬಿಟ್ಟು ಕಟ್ಟಿ, ಎಂಜಿನ್ನನ್ನು ರಿವರ್ಸ್‌ನಲ್ಲಿ ಹಾಕಿ ವೇಗವನ್ನು ನಿಧಾನಕ್ಕೆ ಏರಿಸುತ್ತಾ ಅರ್ಧ ನಿಮಿಷ ಎಳೆಯಿರಿ. ಮೆತ್ತನೆಯ ಕೆಸರಿನಲ್ಲಿ ಎಳೆಯುವ ಮೊದಲು ಐದು ನಿಮಿಷ ಬಿಡಿ, ಲಂಗರು ತನ್ನಷ್ಟಕ್ಕೆ ಇಳಿಯಲಿ.

ರಿವರ್ಸ್ ಎಳೆತಕ್ಕೆ ನಿಲ್ಲದ ಲಂಗರು ಗಾಳಿಗೂ ನಿಲ್ಲುವುದಿಲ್ಲ. ಎತ್ತಿ ಇನ್ನೊಮ್ಮೆ ಹಾಕಿ.

ಜಾರುತ್ತಿದೆ ಎಂದು ಗೊತ್ತಾಗುವುದು ಹೇಗೆ?

ದಡದ ಮೇಲೆ ಒಂದರ ಹಿಂದೆ ಒಂದು ಇರುವ ಎರಡು ಗುರುತು ಹಿಡಿಯಿರಿ, ಒಂದು ತೆಂಗಿನ ಮರ, ಅದರ ಹಿಂದೆ ಮೊಬೈಲ್ ಟವರ್, ಹೀಗೆ. ದೋಣಿಯ ಪಕ್ಕದ ದಿಕ್ಕಿನಲ್ಲಿರಲಿ. ಅವು ಒಂದರಿಂದ ಒಂದು ಬಿಡಿಸಿಕೊಂಡು ಅದೇ ಕಡೆ ಸರಿಯುತ್ತಾ ಹೋದರೆ ಜಾರುತ್ತಿದ್ದೀರಿ. ಬಿಗಿಯಾದ ಹಗ್ಗದ ಮೇಲೆ ಅಂಗೈ ಇಟ್ಟರೂ ತಿಳಿಯುತ್ತದೆ: ಹಿಡಿದಿದ್ದರೆ ಅಲೆಯೊಂದಿಗೆ ಬಿಗಿದು ಸಡಿಲಾಗುತ್ತದೆ, ಜಾರುತ್ತಿದ್ದರೆ ದರದರ ನಡುಗುತ್ತದೆ. ಜಾರಿದ ತಕ್ಷಣ ಮೊದಲು ಇನ್ನಷ್ಟು ಹಗ್ಗ ಬಿಡಿ. ಆಗಲೂ ನಿಲ್ಲದಿದ್ದರೆ ಎತ್ತಿ, ಅಲಗಿಗೆ ಮೆತ್ತಿದ ಕೆಸರು, ಪ್ಲಾಸ್ಟಿಕ್, ಬಲೆಯ ಚೂರು ತೆಗೆದು, ಬೇರೆ ಜಾಗದಲ್ಲಿ ಹಾಕಿ.

ಹಿಂತುದಿಯಿಂದ ಲಂಗರು ಹಾಕಬಹುದೇ? ಗಾಳ ಹಾಕಲು ಅನುಕೂಲ.

ಬೇಡ. ಎಂಜಿನ್ನಿನ ಭಾರಕ್ಕೆ ಹಿಂಭಾಗ ಮೊದಲೇ ತಗ್ಗಿರುತ್ತದೆ, ಅಲ್ಲಿನ ಹಲಗೆಯೂ ಗಿಡ್ಡ. ಅಲ್ಲಿಂದ ಕಟ್ಟಿದಾಗ ಸೆಳೆತವೋ ಹಾದುಹೋಗುವ ಬೋಟಿನ ಅಲೆಯೋ ಹಿಂಭಾಗವನ್ನು ಕೆಳಕ್ಕೆ ಜಗ್ಗುತ್ತದೆ, ನೀರು ಒಳನುಗ್ಗುತ್ತದೆ, ನುಗ್ಗಿದ ನೀರಿನ ಭಾರಕ್ಕೆ ಅದು ಇನ್ನೂ ತಗ್ಗುತ್ತದೆ. ಸಣ್ಣ ದೋಣಿ ಮುಳುಗಲು ಒಂದೆರಡು ನಿಮಿಷ ಸಾಕು. ಮುಖ್ಯ ಲಂಗರು ಯಾವತ್ತೂ ಮುಂತುದಿಯಿಂದಲೇ.

ಬಂಡೆಗೋ ಮುಳುಗಿದ ಮರಕ್ಕೋ ಸಿಕ್ಕಿಕೊಂಡರೆ?

ಹಗ್ಗವನ್ನು ಮುಂತುದಿಗೆ ಕಟ್ಟಿಕೊಂಡೇ ಲಂಗರಿನ ನೇರ ಮೇಲಕ್ಕೆ ಬಂದು, ಹಗ್ಗ ಬಿಗಿ ಮಾಡಿ, ಅಲೆಗೆ ದೋಣಿ ಏಳುವಾಗ ಕಿತ್ತು ಬರುತ್ತದೆಯೇ ನೋಡಿ. ಬರದಿದ್ದರೆ ಹಗ್ಗ ಬಿಟ್ಟು ಅರ್ಧ ಸುತ್ತು ಹಾಕಿ, ಲಂಗರು ಹೂತ ದಿಕ್ಕಿಗೆ ಎದುರು ಕಡೆಯಿಂದ ನಿಧಾನವಾಗಿ ಎಳೆಯಿರಿ. ಎಂಜಿನ್ನಿನ ಬಲದಿಂದ ಪಕ್ಕಕ್ಕೋ ಹಿಂತುದಿಯಿಂದಲೋ ಎಳೆಯಬೇಡಿ, ದೋಣಿ ಮಗುಚುವುದು ಹೀಗೆಯೇ. ಯಾವುದಕ್ಕೂ ಬರದಿದ್ದರೆ ಕತ್ತರಿಸಿ. ಲಂಗರನ್ನು ಮತ್ತೆ ಕೊಳ್ಳಬಹುದು.

ಲಿಂಗನಮಕ್ಕಿ, ಸೂಪಾದಂಥ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ. ಅಲ್ಲಿಗೂ ಬಂಡೆಗೂ ಮೊದಲೇ ತಯಾರಿ ಮಾಡಿಕೊಳ್ಳುವುದು ಲೇಸು. ಸರಪಳಿಯನ್ನು ದಂಡದ ತುದಿಗೆ ಕೂಡಿಸುವ ಬದಲು ಲಂಗರಿನ ಬುಡದ ಬಳೆಗೆ ಶ್ಯಾಕಲ್ ಹಾಕಿ, ದಂಡದ ಉದ್ದಕ್ಕೂ ತಂದು, ದಂಡದ ತುದಿಯ ತೂತಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈನಿಂದ ಕಟ್ಟಿ. ಮಾಮೂಲಿ ಎಳೆತಕ್ಕೆ ಟೈ ತಡೆಯುತ್ತದೆ. ಸಿಕ್ಕಿಕೊಂಡಾಗ ನೇರ ಮೇಲಿನಿಂದ ಬಲವಾಗಿ ಜಗ್ಗಿದರೆ ಟೈ ಕಡಿದು, ಎಳೆತ ಬುಡಕ್ಕೆ ತಿರುಗಿ, ಲಂಗರು ಹಿಂದುಮುಂದಾಗಿ ಹೊರಬರುತ್ತದೆ. ಗಾಳಿಗೂ ಟೈ ಕಡಿಯಬಹುದು, ಆದ್ದರಿಂದ ದೋಣಿ ಬಿಟ್ಟು ಹೋಗುವಾಗ, ಮಲಗುವಾಗ ಈ ಕಟ್ಟು ಬೇಡ.

ನೇತ್ರಾಣಿ, ಸೇಂಟ್ ಮೇರೀಸ್ ದ್ವೀಪಗಳ ಹತ್ತಿರ?

ಮುರ್ಡೇಶ್ವರದ ಆಚೆಯ ನೇತ್ರಾಣಿಯ ಸುತ್ತ ಹವಳವಿದೆ. ಕಲ್ಲು ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಒಂದು ಸರಪಳಿ ಅರ್ಧ ಗಂಟೆ ಹೊರಳಾಡಿದರೆ ಹತ್ತಾರು ವರ್ಷದ ಬೆಳವಣಿಗೆ ಪುಡಿಯಾಗುತ್ತದೆ. ಹವಳದ ಮೇಲೆ ಲಂಗರು ಹಾಕಲೇಬೇಡಿ. ಎಂಜಿನ್ ನಡೆಸುತ್ತಾ ದೂರದಲ್ಲಿ ನಿಲ್ಲಿ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಅಂಚು ಬಂಡೆ. ಪ್ರವಾಸಿ ಬೋಟುಗಳು ಓಡಾಡುವ ದಾರಿಯಿಂದ ದೂರ ಸರಿದು, ಮರಳಿನ ತಳ ಹುಡುಕಿ ನಿಲ್ಲಿ. ಅಘನಾಶಿನಿಯಂಥ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಜನ ನೀರಿಗಿಳಿದು ಚಿಪ್ಪುಮೀನು ಆರಿಸುತ್ತಾರೆ. ಅದು ಅವರ ಜೀವನೋಪಾಯದ ನೆಲ, ಅಲ್ಲಿ ಲಂಗರು ಎಳೆದಾಡಬೇಡಿ.

ರಾತ್ರಿ ನಿಲ್ಲುವುದಾದರೆ?

ಹಗಲಿಡೀ ಪಡುವಣದಿಂದ ಬೀಸಿದ ಕಡಲಗಾಳಿ ರಾತ್ರಿ ಕಳೆದಂತೆ ತಗ್ಗಿ, ಬೆಳಗಿನ ಜಾವಕ್ಕೆ ನೆಲದ ಕಡೆಯಿಂದ ಬೀಸುತ್ತದೆ. ಸಂಜೆ ದಡದ ಕಡೆಗಿದ್ದ ದೋಣಿ ಬೆಳಿಗ್ಗೆ ಕಡಲಿನ ಕಡೆಗಿರುತ್ತದೆ. ಆದ್ದರಿಂದ ಸುತ್ತಲೂ ಹಗ್ಗದ ಉದ್ದದಷ್ಟು ಜಾಗ ಖಾಲಿ ಇರಬೇಕು. ಎಲ್ಲ ಕಡೆಗೂ ಕಾಣುವ ಒಂದು ಬಿಳಿ ದೀಪ ಹಚ್ಚಿಡಿ. ದಾರಿಯಿಂದ ದೂರ ನಿಂತ 7 ಮೀಟರಿಗಿಂತ ಚಿಕ್ಕ ದೋಣಿಗೆ ಅಂತರರಾಷ್ಟ್ರೀಯ ನಿಯಮದಲ್ಲಿ ರಿಯಾಯಿತಿ ಇದೆಯಾದರೂ ನಮ್ಮಲ್ಲಿ ಮೀನುಗಾರಿಕೆ ಬೋಟುಗಳು ಬೆಳಗಾಗುವ ಮುಂಚೆಯೇ ಹೊರಡುತ್ತವೆ. ದೀಪವಿಲ್ಲದ ದೋಣಿ ಅವರಿಗೆ ಕಾಣುವುದಿಲ್ಲ.

ಎಂಜಿನ್ ಕೈಕೊಟ್ಟಾಗ ಲಂಗರಿನಿಂದ ಏನು ಉಪಯೋಗ?

ಅಳಿವೆ ಬಾಯಿಯಲ್ಲಿ ಎಂಜಿನ್ ನಿಂತರೆ ದೋಣಿ ಒಡೆಯುವ ಅಲೆಗಳ ಕಡೆಗೆ ಹೋಗದಂತೆ ತಡೆಯಲು ನಿಮ್ಮ ಬಳಿ ಇರುವುದು ಲಂಗರು ಒಂದೇ. ಹಾಗಾಗಿ ಅದು ಐಸ್ ಪೆಟ್ಟಿಗೆಯ ಅಡಿಯಲ್ಲಿ, ಹಗ್ಗ ಸಿಕ್ಕುಸಿಕ್ಕಾಗಿ ಬಿದ್ದಿರಬಾರದು. ಹಗ್ಗವನ್ನು ಬುಟ್ಟಿಯಲ್ಲಿ ಕೆಳಗಿನಿಂದ ಮೇಲಕ್ಕೆ ತುಂಬಿ, ಸರಪಳಿ ಮೇಲೆ, ಲಂಗರು ಅದಕ್ಕೂ ಮೇಲೆ, ಹತ್ತು ಸೆಕೆಂಡಿನಲ್ಲಿ ಇಳಿಸುವಂತಿರಬೇಕು. ಮೊದಲು ಲಂಗರು ಇಳಿಸಿ, ಆಮೇಲೆ ಎಂಜಿನ್ ಮುಚ್ಚಳ ತೆಗೆಯಿರಿ. ಸಹಾಯಕ್ಕೆ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093.

ಕಯಾಕಿಗೆ ಯಾವುದು?

ಮಡಚುವ ಕೊಕ್ಕೆ ಲಂಗರು, 1.5 ಕಿಲೋ, 6 ಮಿ.ಮೀ. ಹಗ್ಗ. ನಡುಭಾಗದ ಪಕ್ಕಕ್ಕೆ ಕಟ್ಟಬೇಡಿ, ಸೆಳೆತಕ್ಕೆ ಮಗುಚುತ್ತದೆ; ತುದಿಯಿಂದಲೇ ಹಿಡಿಯುವಂತಿರಲಿ. ವೇಗದ ಹೊಳೆಯಲ್ಲಿ ಕಯಾಕಿಗೆ ಲಂಗರೇ ಬೇಡ.

ಆರೈಕೆ ಹೇಗೆ? ಯಾವಾಗ ಬದಲಿಸಬೇಕು?

ಪ್ರತಿ ಸಲ ಬಂದ ಮೇಲೆ ಸಿಹಿನೀರಿನಲ್ಲಿ ಲಂಗರು, ಸರಪಳಿ, ಹಗ್ಗ ಮೂರನ್ನೂ ತೊಳೆದು ನೆರಳಿನಲ್ಲಿ ಒಣಗಿಸಿ. ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ದೋಣಿ ಮೇಲಿರುವಾಗ, ಸರಪಳಿಯನ್ನು ನೆಲಕ್ಕೆ ಹಾಸಿ ಕೊಂಡಿ ಕೊಂಡಿಯನ್ನೂ ನೋಡಿ. ಸವೆಯುವುದು ಕೊಂಡಿಗೆ ಕೊಂಡಿ ತಾಗುವ ಒಳಬಾಗಿನಲ್ಲಿ, 6 ಮಿ.ಮೀ. ಇದ್ದದ್ದು ಅಲ್ಲಿ 5ಕ್ಕೆ ಇಳಿದಿದ್ದರೆ ಬದಲಿಸಿ. ಹಗ್ಗದ ಮೇಲೆ ಸಣ್ಣ ನವಿರು ಎದ್ದಿದ್ದರೆ ಚಿಂತೆಯಿಲ್ಲ, ಎಳೆ ಬಿಡಿಸಿದಾಗ ಒಳಗೆ ಪುಡಿ ಉದುರಿದರೆ, ಹಗ್ಗ ಕಡ್ಡಿಯ ಹಾಗೆ ಸೆಟೆದಿದ್ದರೆ ತೆಗೆದುಹಾಕಿ. ಹಗ್ಗದಲ್ಲಿ ಸರಪಳಿಯ ಹತ್ತಿರದ ಎರಡು ಮೂರು ಮೀಟರ್ ಮಾತ್ರ ಸವೆದಿದ್ದರೆ ಅಷ್ಟು ಕತ್ತರಿಸಿ ಹೊಸ ಕಣ್ಣು ಹೆಣೆಸಿ, ಅಥವಾ ಹಗ್ಗವನ್ನೇ ತಿರುಗಿಸಿ ಇನ್ನೊಂದು ತುದಿಯನ್ನು ಸರಪಳಿಗೆ ಕೂಡಿಸಿ. ಶ್ಯಾಕಲ್‌ಗಳನ್ನು ಅನುಮಾನ ಬಂದಾಗಲೆಲ್ಲ ಬದಲಿಸಿ. ಇಡೀ ಜೋಡಣೆಯಲ್ಲಿ ಅತಿ ಅಗ್ಗದ ವಸ್ತು ಅದು, ಮೊದಲು ತುಕ್ಕು ತಿನ್ನುವುದೂ ಅದೇ.